ಮಾರಿ

ಕಲಬುರಗಿ ಗಂಜಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ:
ಒಂದು ಕಂಪ್ಯೂಟರ್, ಒಂದು ಪ್ರಿಂಟರ್,
ಬಾಗಿಲು ತೆರೆದರೆ ಕೀಬೋರ್ಡಿನ ಮೇಲೆ ತೊಗರಿಯ ಧೂಳು.
ಮದುವೆ ಕಾರ್ಡು, ಶ್ರದ್ಧಾಂಜಲಿಯ ಫ್ಲೆಕ್ಸು, ಬೇಳೆ ಪಾಕೀಟಿನ ಡಿಸೈನು,
ಎಲ್ಲಕ್ಕೂ ಅವೇ ಅಕ್ಷರ, ಬಣ್ಣ ಮಾತ್ರ ಬೇರೆ.

ಒಂದು ದಿನ ಮಿಲ್ಲಿನ ಮಾಲೀಕರು ಫೋಟೊ ಕಳಿಸಿದರು.
ಮುದುಕಿ ನಗುತ್ತಿದ್ದಾಳೆ, ಹಲ್ಲೊಂದು ಇಲ್ಲ, ಮೂಗುತಿ ಸೊಟ್ಟ.
"ನಗೋದು ಛಂದ ಅದಾ, ಬಾಜೂಕ ಏನಾರ ಬರಿ" ಅಂದರು.
ಬರೆದೆ, ಚಹಾ ಆರುವುದರೊಳಗೆ:
"ನನ್ನ ಹೊಲದ ತೊಗರಿ, ನನ್ನ ಕೈಯ ಬೇಳೆ.
ಪಾಲಿಶ್ ಇಲ್ಲ, ಎಣ್ಣೆ ಇಲ್ಲ.
ನನ್ನ ಮೊಮ್ಮಕ್ಕಳೂ ಇದನ್ನೇ ಉಣ್ಣೋದು."
ಉದ್ಧರಣ ಚಿಹ್ನೆ ದೊಡ್ಡದಾಗಿಟ್ಟೆ,
ಅವಳ ಕಿವಿಗೆ ಎರಡು ಬುಗುಡಿ ತೂಗುಬಿಟ್ಟ ಹಾಗೆ.
ಎಂಟುನೂರು ರೂಪಾಯಿ ಬಂತು.

ಮೂರು ತಿಂಗಳಿಗೆ ಅಂಗಡಿಗೇ ಬಂದಳು ಆ ನಗುವಿನವಳು, ನಗದೆ.
ಕೈಯಲ್ಲಿ ಮಡಚಿದ ಖಾಲಿ ಪಾಕೀಟು,
ಸೆರಗಿನಲ್ಲಿ, ಹುಬ್ಬಿನಲ್ಲಿ ಹಳದಿ ಹಿಟ್ಟು.
"ಇದು ಮಾಡಿದಾಂವ ನೀನೇ ಏನಪಾ?
ನಾ ಹುಸೇನಮ್ಮ. ನನಗ ಓದ್ಲಾಕ ಬರಂಗಿಲ್ಲ.
ನನ್ನ ಮಾರಿ ಬುಡಕ ಏನ್ ಬರ್ದಿ, ಓದು."

ಓದಿದೆ.
ನಾನೇ ಬರೆದದ್ದು ನನ್ನ ಬಾಯಲ್ಲಿ
ಬೇಯದ ಬೇಳೆಯ ಹಾಗೆ ಕಟಕಟ ಅಂದಿತು.

"ಇನ್ನೊಮ್ಮಿ ಓದು."
ಇನ್ನೊಮ್ಮೆ ಓದಿದೆ, ಸಣ್ಣ ದನಿಯಲ್ಲಿ.

"ಹೊಲ ನನಗೆಲ್ಲಿದಪಾ?
ಹತ್ತೊಂಬತ್ತು ವರ್ಷಾಯ್ತು, ಮಿಲ್ಲಿನಾಗ ಕಸ ಹೊಡೀತೀನಿ, ಚೀಲ ಹೊಲೀತೀನಿ.
ಪಾಲಿಶ್ ಮಶೀನಿಗಿ ಎಣ್ಣಿ ಸುರಿಯೋದೇ ನಾ.
ಈ ಕೈಲೇ.
ಮೊಮ್ಮಕ್ಕಳಿಗಿ? ನಾವು ಉಣ್ಣೋದು ನುಚ್ಚು,
ಜರಡಿ ಬುಡಕ ಬೀಳ್ತದಲ್ಲ, ಅದು.
ಮೊನ್ನಿ ಜೇವರ್ಗಿ ಸಂತ್ಯಾಗ ಒಬ್ಬಾಕಿ ಗುರ್ತ ಹಿಡದಳು.
'ನೀ ಹೇಳೀದಿ ಅಂತ ಒಯ್ದೆ ಯವ್ವಾ,
ಹಸಗೂಸಿಗಿ ಬೇಳಿಕಟ್ಟು ಕುಡಿಸ್ಲಾಕ' ಅಂದಳು.
ನಾ ಎಂದ ಹೇಳೀನಿ?"

ರೊಕ್ಕದ ಮಾತು ಬರುತ್ತದೆಂದು ಕಾದೆ.
ಗಲ್ಲೆಯಲ್ಲಿ ಎಷ್ಟಿದೆಯೆಂದು ಮನಸ್ಸಿನಲ್ಲೇ ಎಣಿಸಿದೆ ಕೂಡ.

"ಮಾರಿ ಇರ್ಲಿ" ಅಂದಳು.
"ಮಾರಿ ಏನು, ಹಾದ್ಯಾಗಿನ ಮಂದಿ ಎಲ್ಲಾ ನೋಡ್ತಾರ.
ಮಾತು ತಗಿ.
ನಾ ಆಡದ ಮಾತು ನನ್ನ ಬಾಯಾಗ ಯಾಕ ಇಟ್ಟಿ?"

ಹದಿನೆಂಟು ಸಾವಿರ ಪಾಕೀಟು ಅಚ್ಚಾಗಿವೆ ಎಂದೆ,
ಅಚ್ಚಿನ ಸಿಲಿಂಡರು ಹೈದರಾಬಾದಿನಲ್ಲಿದೆ ಎಂದೆ,
ಮಾಲೀಕರು ಕೇಳಬೇಕಲ್ಲ, ಎಲ್ಲರೂ ಹೀಗೇ ಎಂದೆ.
ಪಾಕೀಟಿನ ಮೇಲಿನದಕ್ಕಿಂತ ಇದೆಲ್ಲ ನಿಜವೇ.
ಅವಳು ಮೇಜಿನ ಮೇಲಿನ ಮಾರ್ಕರು ತೋರಿಸಿದಳು.
"ಇದ್ರಲಿಂದರ ಹೊಡಿ."
ಒಂದೇ ಪಾಕೀಟು, ಅವಳದು.
ಕರಿಗೆರೆ ಎಳೆದೆ, ಮೂರು ಸಾಲಿಗೆ ಮೂರು.
ಪ್ಲಾಸ್ಟಿಕ್ಕಿನ ಮೇಲೆ ಮಸಿ ನಿಲ್ಲಲಿಲ್ಲ,
ಅವಳ ಹೆಬ್ಬೆರಳಿಗೆ ಹತ್ತಿತು,
ರೊಕ್ಕ ಕೊಡದೆ ಯಾರೋ ಒತ್ತಿಸಿಕೊಂಡ ಹೆಬ್ಬೆಟ್ಟಿನ ಹಾಗೆ.

ಸಂಜೆ ಮಿಲ್ಲಿನಿಂದ ಫೋನು:
"ಐದು ಕಿಲೋದ ಹೊಸ ಚೀಲ. ಅದೇ ಮುದುಕಿ.
ಮಾತು ಇನ್ನಟು ಸೀ ಇರ್ಲಿ."
ಫೈಲು ತೆರೆದೆ. ಅವಳ ತುಟಿಯ ಪಕ್ಕ
ಕರ್ಸರು ಮಿಟುಕುತ್ತಿದೆ.
ನಮ್ಮ ಕಡೆ ಮುಖಕ್ಕೂ ಮಾರಿ ಅಂತೀವಿ,
ಸರಕು ಕೈಬಿಟ್ಟ ಮೇಲೂ
ಮಾರಿ ಬಂದೆ ಅಂತೀವಿ.
ಮೊದಲು ಆ ಎರಡು ಬುಗುಡಿ ಬಿಚ್ಚಿದೆ,
ಕಿವಿ ಹರಿಯದ ಹಾಗೆ, ಮೆಲ್ಲಗೆ.
ಮುಂದಿನದು ಇನ್ನೂ ಬರೆದಿಲ್ಲ.
ಚಹಾ ಆರಿದೆ.