ಬಸಿಯ ಬೆನ್ನು

ಈ ಊರಲ್ಲಿ ಯಾರ ಮನೆಗೆ ಹೋದರೂ
ಚಹಾ ಕುಡಿಯುವ ಮೊದಲು ಬಸಿಯನ್ನೆತ್ತಿ
ಮಗುಚಿ ನೋಡುತ್ತಾರೆ,
ಕುಲಗೋತ್ರ ಕೇಳಿದ ಹಾಗೆ.
ತಳದ ಮುದ್ರೆಯಲ್ಲಿ ಲಾಂಗ್ಟನ್ ಇದ್ದರೆ ಸರಿ,
ಬರ್ಸ್ಲೆಮ್ ಇದ್ದರೂ ನಡೆಯುತ್ತದೆ.
ಎರಡೂ ಇಲ್ಲದಿದ್ದರೆ
ಮೆಲ್ಲಗೆ ಕೆಳಗಿಟ್ಟು
ಹವೆಯ ಬಗ್ಗೆ ಮಾತೆತ್ತುತ್ತಾರೆ.

ಎನಿಡ್ ಮೇಚಿನ್, ಎಂಬತ್ತೊಂದು,
ನಲವತ್ತೈದು ವರ್ಷ ಬಟ್ಟಲ ಬಾಯಿಗೆ
ಚಿನ್ನದ ಗೆರೆ ಎಳೆದವಳು.
ತಿರುಗುವ ಗಾಲಿಯ ಮೇಲೆ ಬಟ್ಟಲು, ಕದಲದ ಕುಂಚ,
ಉಸಿರು ಬಿಗಿಹಿಡಿದು ಒಂದೇ ಸುತ್ತು.
ಗೆರೆಯ ತಲೆ ಗೆರೆಯ ಬಾಲವನ್ನು
ಎಲ್ಲಿ ಕಚ್ಚಿತೆಂದು ದೇವರಿಗೂ ತಿಳಿಯಬಾರದು.
ಈಗ ಸಂಜೆ ಆರಕ್ಕೆ ನಾನು ಬಂದು
ಅವಳ ಅಂಗಿಯ ಗುಂಡಿ ಬಿಚ್ಚುತ್ತೇನೆ.
ಏಜೆನ್ಸಿ ಕೊಟ್ಟಿರುವುದು ಮೂವತ್ತು ನಿಮಿಷ.

ನಿನ್ನ ಭಾಷೆಯಲ್ಲಿ ಇದಕ್ಕೇನೆನ್ನುತ್ತಾರೆ, ಕೇಳಿದಳೊಮ್ಮೆ.
ಪಿಂಗಾಣಿ, ಅಂದೆ.
ಪಿಂಗಾಣಿ, ಪಿಂಗಾಣಿ, ಬಾಯಲ್ಲಿ ಹೊರಳಿಸಿದಳು,
ಬಿರುಕಿದೆಯೇ ಎಂದು ಬೆರಳಲ್ಲಿ ತಟ್ಟುವಂತೆ.
ಚೆನ್ನಾಗಿದೆ. ನಮ್ಮದು ನೋಡು,
ನಾವೇ ಮಾಡಿ, ನಮ್ಮ ಕಲ್ಲಿದ್ದಲಲ್ಲೇ ಸುಟ್ಟು
ಚೈನಾ ಅಂತ ಕರೆದೆವು, ಇನ್ನೂರು ವರ್ಷ.
ಹೆಸರಿಟ್ಟ ಮೇಲೆ ಮಗು
ಅಪ್ಪನ ಮನೆಗೆ ಹೋಗದಿರುತ್ತದೆಯೇ?

ಎರಡು ಸಾವಿರದ ನಾಲ್ಕರಲ್ಲಿ ಕಂಪನಿ ಅವಳನ್ನು
ಆರು ವಾರ ಅಲ್ಲಿಗೆ ಕಳಿಸಿತ್ತು, ಗೆರೆ ಕಲಿಸಲು.
ಇಪ್ಪತ್ತು ಹುಡುಗಿಯರು, ಇಪ್ಪತ್ತು ಗಾಲಿ.
ತಾವ್ ಲೀಜುವಾನ್ ಎಂಬವಳು ಮೂರನೇ ವಾರಕ್ಕೇ
ಗುರುವಿನ ಕೈ ಮೀರಿಸಿದಳು.
ಹೊರಡುವಾಗ ಬಿಸಿನೀರಿನ ಫ್ಲಾಸ್ಕು ಕೊಟ್ಟಳು, ಉಡುಗೊರೆ.
ಊರಿಗೆ ಬಂದರೆ ಗೇಟಿಗೆ ಸರಪಳಿ.
ಕಲಿಸಲು ಹೋದೆನೋ, ಕೈ ಒಪ್ಪಿಸಿ ಬಂದೆನೋ,
ಅವರು ಹೇಳಲಿಲ್ಲ.
ನಾನೂ ಕೇಳಲಿಲ್ಲ. ದಿನಭತ್ಯೆ ಚೆನ್ನಾಗಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ:
ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.
ದೊಣ್ಣೆ ಯಾರ ಕೈಯಲ್ಲಿತ್ತು, ಎಂದಳು.
ಗಾದೆ ಅದನ್ನು ಹೇಳುವುದಿಲ್ಲ.

ಪಕ್ಕದ ಮನೆಯ ಟ್ರೆವರ್ ಬ್ಲೋರ್‌ಗೆ ಈ ಗೊಂದಲವಿಲ್ಲ.
ಬಾಗಿಲ ಮೇಲಿದ್ದ ಕ್ಯಾಮರಾ ಕಿತ್ತು
ಟವೆಲಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದ್ದಾನೆ:
ಬೀಜಿಂಗಿನಲ್ಲಿ ಕೂತು ನನ್ನ ಬೆಕ್ಕನ್ನು ನೋಡುತ್ತಾರೆ.
ಕಿತ್ತ ಸ್ಕ್ರೂಡ್ರೈವರು ಅಲ್ಲಿಯದೇ.
ಟವೆಲೂ. ಕಸದ ಡಬ್ಬಿಯ ಚಕ್ರವೂ.
ಹೊಸ ಕ್ಯಾಮರಾದ ಪೊಟ್ಟಣದ ಮೇಲೆ ಬ್ರಿಟಿಷ್ ಬಾವುಟ;
ಒಳಗಿನ ಕೈಪಿಡಿ ಓದಲು ನನ್ನನ್ನು ಕರೆದ,
ಏಷ್ಯಾದವಳಲ್ಲವೇ, ಈ ಅಕ್ಷರ ಬರಬಹುದೆಂದು.

ನಗುವುದೇನೋ ನಕ್ಕೆ.
ಆದರೆ ಆ ಏಪ್ರಿಲ್, ಕಸದ ಚೀಲಕ್ಕೆ ತೂತು ಕೊರೆದು
ಕತ್ತಿಗೆ ಹಾಕಿಕೊಂಡು ಕೆಲಸ ಮಾಡಿದವಳು ನಾನು,
ಅಲ್ಲಿಂದ ಬರುವ ವಿಮಾನದ ದಾರಿ ಕಾದವಳು.
ಬಂದ ಮಾಸ್ಕುಗಳ ಕಿವಿದಾರ ಎರಡಕ್ಕೊಂದು ಹರಿಯುತ್ತಿತ್ತು.
ಬೈದೆವು.
ಹಾಕಿಕೊಂಡೆವು.

ಹೋದ ಶನಿವಾರ ಹ್ಯಾನ್ಲಿಯ ಅಂಗಡಿಯಲ್ಲಿ
ಗಾಲಿಕುರ್ಚಿಯಿಂದಲೇ ಕೈಚಾಚಿ
ಎನಿಡ್ ಒಂದು ಬಟ್ಟಲು ಮಗುಚಿದಳು.
ಒಂಬತ್ತು ಪೌಂಡಿನ ಚೀಟಿ. ಊರಿನ ಹೆಸರಿಲ್ಲ.
ಅಂಚಿನಲ್ಲಿ ಎಳ್ಳಿನಷ್ಟು ಚಿನ್ನದ ಸುರುಳಿ,
ಬಸವನಹುಳು.

ಅದು ಅವಳ ಗುರುತು.
ಗೆರೆ ಎಳೆಯುವ ಒಬ್ಬೊಬ್ಬಳಿಗೂ ಒಂದೊಂದಿತ್ತು,
ಕೂಲಿಯ ಲೆಕ್ಕಕ್ಕೆ, ಡಜನ್ನಿಗೆ ಇಷ್ಟೆಂದು.
ಗೆರೆಯ ಜೊತೆ ಹುಳುವನ್ನೂ ಕಲಿತಳೇ ಆ ಹುಡುಗಿ?
ಅಥವಾ ಯಾರದೋ ಕುಂಚದಿಂದ ಜಾರಿದ ಬರಿ ಹನಿಯೇ?
ನಿನ್ನ ಕಣ್ಣು ಚುರುಕು, ನೋಡು, ಎಂದಳು.
ಹುಳು, ಎಂದೆ.
ಹನಿ ಎಂದೂ ಹೇಳಬಹುದಿತ್ತು.

ಕಳ್ಳಿ, ಎಂದಳು, ಮಗಳನ್ನು ಬೈಯುವ ದನಿಯಲ್ಲಿ.
ಆಮೇಲೆ ಬಟ್ಟಲ ಬಾಯಿಯ ಗೆರೆಯ ಮೇಲೆ
ಉಗುರಾಡಿಸುತ್ತ ಹುಡುಕಿದಳು ಕೂಡಿದ ಜಾಗ,
ಒಂದು ಸುತ್ತು, ಇನ್ನೊಂದು ಸುತ್ತು.
ಸಿಗಲಿಲ್ಲ.

ಒಂಬತ್ತು ಪೌಂಡು ನನ್ನ ಪರ್ಸಿನಿಂದ ಹೋಯಿತು.