ಬಲಗಿವಿಯ ಕಡೆ

ಸಿದ್ದಾಪುರದಲ್ಲಿ ಉಸ್ಮಾನ್ ಕಾಕನ ಮೆಣಸಿನ ಅಂಗಡಿ.
ತಕ್ಕಡಿಯ ಹಿಂದೆ ಕಾಕ, ಕಾಕನ ಹಿಂದೆ ನಾನು,
ನನ್ನ ಹಿಂದೆ ಗೋಣಿಚೀಲಕ್ಕೆ ಬೆನ್ನು ಕೊಟ್ಟು ಕೂತ
ಹಳೇ ಡೆಸ್ಕ್‌ಟಾಪು.
ಹನ್ನೊಂದು ವರ್ಷದ ಲೆಕ್ಕ ಅದರ ಹೊಟ್ಟೆಯಲ್ಲಿ,
ಹನ್ನೊಂದು ವರ್ಷದ ಧೂಳೂ.
ಗಾಳಿಯಲ್ಲಿ ಬಂದ ಮಾತು ಮಾತ್ರ
ಅದಕ್ಕೆ ಕೇಳಿಸುವುದಿಲ್ಲ.

ಕಾಕನಿಗೂ ಅಷ್ಟೆ.
ತೋಟದ ವಾಚರಾಗಿದ್ದಾಗ ಆನೆ ಓಡಿಸಲು
ಇಪ್ಪತ್ತು ವರ್ಷ ಪಟಾಕಿ ಹೊಡೆದ ಕಿವಿ.
ಎಡದ್ದು ಪೂರಾ ಹೋಯಿತು,
ಬಲದ್ದಕ್ಕೆ ಬಗ್ಗಿ ಹೇಳಬೇಕು.
ಅದೇ ನನ್ನ ಕೆಲಸ. ಸಂಬಳ ಮಾತ್ರ
ಲೆಕ್ಕ ಬರೆಯುವುದಕ್ಕೆ.

ಮೊನ್ನೆ ಸಿಡಿಲಿಗೆ ಅಂಗಡಿಯ ಮೋಡೆಮ್ ಸುಟ್ಟಿತು.
ಇವತ್ತು ಲಾರಿ ಲೋಡಾಗಿ ನಿಂತಿದೆ,
ಆನ್‌ಲೈನ್ ಬಿಲ್ಲಿಲ್ಲದೆ ಹೋದರೆ
ಆನೆಚೌಕೂರಿನ ಗೇಟಿನಲ್ಲಿ ತಡೆಯುತ್ತಾರೆ.
ನನ್ನ ಲ್ಯಾಪ್‌ಟಾಪು (ಇನ್ನೂ ನಾಲ್ಕು ಕಂತು ಬಾಕಿ)
ಎದುರಿನ ಬೇಕರಿಯ ವೈಫೈ ಹಿಡಿಯುತ್ತದೆ,
ಅದೂ ಕಿಟಕಿಯ ಕಟ್ಟೆಯ ಮೇಲಿಟ್ಟರೆ.
ಪಾಸ್‌ವರ್ಡ್ ಕೇಳಿದೆ. ವರ್ಗೀಸ್ ಟ್ರೇ ಕೆಳಗಿಟ್ಟು,
ಕೈಯ ಹಿಟ್ಟು ಒರೆಸಿಕೊಂಡು, ಕಿವಿಯಲ್ಲಿ ಹೇಳಿದ.
ಹೆಂಡತಿಯ ಹೆಸರಲ್ಲ.

ಲೆಕ್ಕ ಅಲ್ಲಿ, ನೆಟ್ಟು ಇಲ್ಲಿ, ನಡುವೆ ಆರು ಮಾರು.
ಸತ್ತ ಮೋಡೆಮಿನ ನೀಲಿ ಕೇಬಲು ಬಿಚ್ಚಿ
ಚೀಲಗಳ ಮೇಲೆ ಹಾಯಿಸಿ
ಕ್ಯಾಲೆಂಡರಿನ ಮೊಳೆಗೊಂದು ಸುತ್ತು ಸುತ್ತಿ
ಈ ತುದಿ ಇದಕ್ಕೆ, ಆ ತುದಿ ಅದಕ್ಕೆ ಚುಚ್ಚಿದೆ.
'ಈ ಸಂಪರ್ಕವನ್ನು ಬೇರೆಯವರೂ ಬಳಸಬಹುದೆ?'
ಚೌಕಕ್ಕೆ ಟಿಕ್ಕು ಹಾಕಿದೆ.
ಹಸಿರು ದೀಪವೇನೋ ಮಿಟುಕಿತು. ಡೆಸ್ಕ್‌ಟಾಪು
ಹಳದಿ ತ್ರಿಕೋನ ತೋರಿಸಿ
ಇದ್ಯಾರೋ ಗೊತ್ತಿಲ್ಲ ಅಂದುಬಿಟ್ಟಿತು.

ಸತ್ತವನ ವಿಳಾಸವನ್ನೇ ಹಿಡಿದುಕೊಂಡು ಕೂತಿತ್ತು, ಪಾಪ.
ಯಾರೋ ಯಾವಾಗಲೋ ಬರೆದಿಟ್ಟ ಅಂಕಿಗಳು.
ಒಂದೊಂದಾಗಿ ಅಳಿಸಿದೆ.
ಕೊಟ್ಟ ವಿಳಾಸ ತಗೋ, ಅಂದೆ.
ತಗೊಂಡಿತು.

ಆಮೇಲೆ ನಡೆದದ್ದು ನನಗೇನೂ ಹೊಸದಲ್ಲ.
ಇದು ಕೇಳಿದ್ದನ್ನು ಅದು ತನ್ನ ಹೆಸರಲ್ಲಿ ಕೇಳುತ್ತದೆ.
ಉತ್ತರವೂ ಅದರ ಹೆಸರಿಗೇ ಬರುತ್ತದೆ.
ಕೇಳಿದವರು ಯಾರೆಂದು ನೆನಪಿಟ್ಟುಕೊಂಡು
ತಂತಿಯಲ್ಲಿ ದಾಟಿಸುತ್ತದೆ.
ಈ ಕಡೆ ಧೂಳಿನೊಳಗೆ ಇನ್ನೊಬ್ಬರಿದ್ದಾರೆ ಎಂದು
ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಅದು ಬಂದದ್ದನ್ನು ಬಂದ ಹಾಗೇ ಕೊಡುತ್ತದೆ.
ನಾನು ಹಾಗಲ್ಲ.
ಬೆಳಿಗ್ಗೆ ಚೆಟ್ಟಳ್ಳಿಯ ಬೋಪಣ್ಣ
ತೇವಕ್ಕೆಂದು ತೂಕ ಕಳೆದದ್ದಕ್ಕೆ ಕೆಂಪಗಾಗಿ
'ಕಳ್ಳ ತಕ್ಕಡಿ, ಕಳ್ಳ ಕೈ' ಅಂದರು.
ಬಲಗಿವಿಯ ಕಡೆ ಬಗ್ಗಿ
'ಇನ್ನೊಂದು ಸಲ ತೂಗಬೇಕಂತೆ' ಅಂದೆ.
ಕಾಕ ಇನ್ನೊಂದು ಸಲ ತೂಗಿದರು.
ಕಾಲು ಕಿಲೋ ಹೆಚ್ಚೇ ಬಂತು.
ಬೋಪಣ್ಣ ರಸ್ತೆಯ ಕಡೆ ನೋಡಿದರು,
ನಾನು ರಸೀದಿ ಪುಸ್ತಕ ಹುಡುಕಿದೆ.

ಬಿಲ್ಲು ಅರ್ಧ ಆಗಿತ್ತು. ಅಷ್ಟರಲ್ಲಿ ಕಾಕ,
ಹೊಸ ಸಾಮಾನು, ಧೂಳು ಬೀಳುತ್ತದೆ ಎಂದು,
ಲ್ಯಾಪ್‌ಟಾಪಿನ ಮುಚ್ಚಳ ಮೆಲ್ಲಗೆ ಮುಚ್ಚಿದರು.
ಇಲ್ಲಿ ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ನಿಂತಿತು.
'ಏನಾಯ್ತು ದಮ್ಮೂ?'
'ಅದು ಮಲಗಿದರೆ ಇದಕ್ಕೆ ಕೇಳಿಸಲ್ಲ ಕಾಕಾ.'
ಅವಸರದಲ್ಲಿ ಎಡಗಿವಿಗೆ ಹೇಳಿಬಿಟ್ಟಿದ್ದೆ.
ಸುತ್ತಿ ಬಂದು ಮತ್ತೆ ಹೇಳಿದೆ.

ಕಾಕ ಕೇಬಲನ್ನು ನೋಡಿದರು, ಕಿಟಕಿಯಿಂದ ಮೊಳೆಯ ತನಕ,
ಮೊಳೆಯಿಂದ ನನ್ನ ಕುರ್ಚಿಯ ತನಕ.
'ನಾಳೆ ರಜೆ ಬೇಕು ಅಂದಿದ್ದೆಯಲ್ಲ,' ಅಂದರು.

ನಾನೇನೂ ಹೇಳಲಿಲ್ಲ.
ಅವರೇ ಮುಚ್ಚಳ ತೆರೆದು, ಯಾರೂ ಮುಚ್ಚದ ಹಾಗೆ
ಕೀಲಿಮಣೆಯ ಅಂಚಿಗೆ ಒಂದು ಕಿಲೋದ ಕಬ್ಬಿಣದ ಕಲ್ಲು ಇಟ್ಟರು.
ಲಾರಿ ಹೋಯಿತು.
ಸಂಜೆಯವರೆಗೆ, ಕಿಲೋ ಬೇಕಾದಾಗೆಲ್ಲ
ಎರಡು ಅರ್ಧ ಹಾಕಿ ತೂಗಿದೆವು.