ಉಷ್ಣ ಆಗೈತಿ

ದಾವಣಗೆರೆಯಲ್ಲಿ ಯಾರೂ ಅದನ್ನು ರೋಗ ಅನ್ನುವುದಿಲ್ಲ.
ಉಷ್ಣ ಆಗೈತ್ರಿ, ಅನ್ನುತ್ತಾರೆ
ಗೋಡೆ ನೋಡುತ್ತ, ಕ್ಯಾಲೆಂಡರು ನೋಡುತ್ತ,
ಒಬ್ಬನಂತೂ ನನ್ನ ಪೆನ್ನಿನ ಮುಚ್ಚಳವನ್ನೇ ನೋಡುತ್ತ.
ದಿನಾ ಭಟ್ಟಿ ಮುಂದೆ ಕುಂತ್ರೆ ಆಗ್ದೆ ಇರ್ತತೇನ್ರಿ ಮೇಡಂ?
ಎಳನೀರು ಕುಡುದ್ರೆ ಹೊಕ್ಕತಿ.

ನಮ್ಮ ಅಧ್ಯಯನದ ಹೆಸರು ಎರಡು ಸಾಲು ಉದ್ದ.
ಅದನ್ನು ಬರೆದು ತೂಗುಹಾಕಿದರೆ ಒಬ್ಬನೂ ಒಳಗೆ ಬರಲಾರ,
ಅದಕ್ಕೇ ಬಾಗಿಲ ಮೇಲೆ ಬರೀ ಕೊಠಡಿ ಒಂಬತ್ತು.
ನಲವತ್ತೆರಡು ಪ್ರಶ್ನೆ. ಹದಿನಾರರವರೆಗೆ ದಾರಿ ಸಲೀಸು:
ವಯಸ್ಸು, ಓದು, ದಿನಕ್ಕೆ ಎಷ್ಟು ತಂಬಿಗೆ ನೀರು,
ಬೆಳಗಿನ ಜಾವ ಎಷ್ಟಕ್ಕೆ ಉರಿ ಹಾಕುತ್ತೀರಿ.
ಹದಿನೇಳಕ್ಕೆ ಬಂದೊಡನೆ
ಫ್ಯಾನಿನ ಸದ್ದು ಕೇಳಿಸತೊಡಗುತ್ತದೆ.

ಹಾಗಾಗಿ ಡಾಕ್ಟರು ನಡುವೆ ಪರದೆ ಕಟ್ಟಿಸಿದರು,
ಆಪರೇಷನ್ ಥಿಯೇಟರಿನ ಹಳೇ ಹಸಿರು ಬಟ್ಟೆ,
ಅಂಚಿನಲ್ಲಿ ತೊಳೆದರೂ ಹೋಗದ ಅಯೋಡಿನ್ ಕಲೆ.
ಅದರಾಚೆ ಕೂತು ಮಾತಾಡುತ್ತಾರೆ ಮೀಸೆ ಹೊತ್ತ ಗಂಡಸರು,
ನೋಡಲು ಬಂದವರ ಮುಂದೆ ಕೂರಿಸಿದ ಹುಡುಗಿಯರ ಹಾಗೆ,
ಕೇಳಿದ್ದಕ್ಕಷ್ಟೇ. ಹೂಂ. ಉಹೂಂ.

ಬೆಳಗಿನ ಮೊದಲನೇದು, ಈ ಗೆರೆಯವರೆಗೆ,
ಏಳೂವರೆಯೊಳಗೆ ತಂದುಕೊಡಿ ಎಂದು ಬಾಟಲಿ ಕೊಡುತ್ತೇನೆ.
ತರುತ್ತಾರೆ. ಹೇಗೆ ತರುತ್ತಾರೆಂದು ಯಾವ ಫಾರಮ್ಮೂ ಕೇಳಿಲ್ಲ.
ಟಿಫಿನ್ ಡಬ್ಬಿಯ ಕೆಳಗಿನ ಖಾನೆಯಲ್ಲಿ. ಮಗಳ ಸಾಕ್ಸಿನೊಳಗೆ.
ಒಬ್ಬ ಮಂಡಕ್ಕಿ ಚೀಲದ ನಡುವೆ ಹುಗಿದು ತಂದ.
ಗೇಟಿನಲ್ಲಿ ವಾಚ್‌ಮನ್ ತಿಪ್ಪೇರುದ್ರಪ್ಪ ಆ ಚೀಲಕ್ಕೆ ಕೈಹಾಕಿ
ಒಂದು ಹಿಡಿ ಬಾಯಿಗೆ ಹಾಕಿಕೊಂಡ ಸಂಗತಿಯನ್ನು
ಇವತ್ತಿನವರೆಗೂ ಅವನಿಗೆ ಬಿಡಿಸಿ ಹೇಳಿಲ್ಲ ನಾನು.

ಸಂಜೆ ನನ್ನ ಭಟ್ಟಿ ಶುರು:
ಮೂವತ್ತೇಳು ಡಿಗ್ರಿಯ ಬಿಳಿ ಪೆಟ್ಟಿಗೆ.
ಅವರಲ್ಲಿ ಮರಳು ಕಾದು ಅಕ್ಕಿ ಚಟಚಟ ಅರಳುತ್ತದೆ,
ನನ್ನಲ್ಲಿ ರಾತ್ರಿಯಿಡೀ ಸದ್ದಿಲ್ಲದೆ ಏನೋ ಬೆಳೆಯುತ್ತದೆ.
ಅದರ ಮೇಲೆ ಆರು ಬಿಲ್ಲೆ ಇಡುತ್ತೇನೆ, ಆರು ಔಷಧಿ.
ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಖಾಲಿ ಬಳೆಯೊಂದು ಮೂಡುತ್ತದೆ.
ಸ್ಕೇಲು ಹಿಡಿದು ಆ ಬಳೆ ಅಳೆಯುವುದಕ್ಕೆ ನನಗೆ ಸಂಬಳ.

ನೂರಾ ಹದಿನಾಲ್ಕರ ತಟ್ಟೆಯಲ್ಲಿ ಐದಕ್ಕೆ ಬಳೆಯೇ ಇಲ್ಲ.
ಆರನೆಯದಕ್ಕಿತ್ತು, ಕೂಸಿನ ಬೆರಳಿಗೂ ಸಾಲದಷ್ಟು.
ಮೊದಲು ಏನಾದರೂ ತಗೊಂಡಿದ್ದಿರಾ, ಪರದೆಯನ್ನು ಕೇಳಿದೆ.

ಮೆಡಿಕಲ್‌ನಾಗೆ ಇಸ್ಗಂತಿದ್ದೆ ರೀ, ಕೆಂಪು-ಕರಿ ಗುಳಿಗಿ.
ಎಳ್ಡು ನುಂಗಿದ್ರೆ ಉರಿ ನಿಲ್ತಿತ್ತು.
ಉಳಿದಿದ್ದು ತಮ್ಮಗೆ ಕೊಡ್ತಿದ್ದೆ. ಅವಂಗೂ ಉಷ್ಣ.

ಯಾವಾಗಿನಿಂದ?

ಲಗ್ನಕ್ಕಿಂತ ಮದ್ಲು.

ಹಾಗಾದರೆ ಮನೆಯವರನ್ನೂ ಕರಕೊಂಡು ಬರಬೇಕು, ಅಂದೆ.
ಪರದೆ ಅಲುಗಾಡಲಿಲ್ಲ. ಆಚೆ ಕುರ್ಚಿಯೊಂದು ಕಿರ್ ಅಂತು.
ಅಕಿಗೆ ಏನಂತ ಹೇಳ್ಲಿ ರೀ?
ಫಾರಂ ನೋಡಿದೆ. ಅದಕ್ಕೆ ಚೌಕವಿರಲಿಲ್ಲ.
ಎಥಿಕ್ಸ್ ಕಮಿಟಿ ಸಹಿ ಹಾಕಿದ ಅಷ್ಟೂ ಪುಟಗಳಲ್ಲಿ
ಎಲ್ಲೂ ಇಲ್ಲದ ಮಾತನ್ನು ನಾನೇ ಅವನಿಗೆ ತಿರುಗಿ ಕೊಟ್ಟೆ:
ಇಬ್ಬರಿಗೂ ಉಷ್ಣ ಆಗೈತಿ ಅಂತ ಹೇಳಿ. ಇಲ್ಲಿಗೆ ಬಂದಮೇಲೆ
ಉಳಿದದ್ದು ಹೇಳೋಣ, ನೀವೂ ಇರಬೇಕು.

ಶುಕ್ರವಾರ ಬಂದರು.
ಅವನು ರೂಢಿಯಂತೆ ಪರದೆಯಾಚೆ ಹೋಗಿ ಕೂತ.
ಅವಳು ಈಚೆ, ನನ್ನ ಎದುರಿಗೆ, ಮೊಣಕೈಗೆ ಬೂದಿ ಹತ್ತಿತ್ತು.
ಎಲ್ಲ ಕೇಳಿದಳು. ಕುಪ್ಪಸದ ತೋಳು ಸರಿಮಾಡಿಕೊಂಡಳು.
ಪರದೆಗೂ ಕೇಳಲಿ ಅನ್ನುವಷ್ಟು ಜೋರಾಗಿ ಹೇಳಿದಳು:
ನನಗೆ ಮೂರು ವರ್ಸಾತ್ರಿ ಇದು.
ಭಟ್ಟಿದು ಅನ್ಕಂಡಿದ್ದೆ.

ನಮ್ಮ ಅಧ್ಯಯನ ಗಂಡಸರದ್ದು. ಅವಳಿಗೆ ನಂಬರಿಲ್ಲ.
ಲೇಬಲ್ಲಿನ ಮೇಲೆ ಪೆನ್ಸಿಲಿನಲ್ಲಿ ಹಾಲಮ್ಮ ಎಂದು ಬರೆದೆ,
ಡಾಕ್ಟರನ್ನು ಆಮೇಲೆ ಒಪ್ಪಿಸಿದರಾಯಿತು.
ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ
ಕೇಳಿದಳು,
ಈ ಗೆರೆ ತನಕ ಸಾಕೇನ್ರಿ?